ಸುಣ್ಣದ ಮರದ ಬೆಲ್ಲ

ಸಕ್ಕರೆ ಸೀದುಹೋಗುವುದಕ್ಕೆ ಅರೆ ನಿಮಿಷ ಮುಂಚೆ ಒಂದು ವಾಸನೆ ಬರುತ್ತದೆ. ಅದು ಇನ್ನೂ ಸುಟ್ಟ ವಾಸನೆಯಲ್ಲ, ಹಾಗಂತ ಸಿಹಿ ವಾಸನೆಯೂ ಅಲ್ಲ. ಹೋದ ಶನಿವಾರ ಲಿನ್‌ವುಡ್‌ನಲ್ಲಿ ಲೈಟ್ ರೈಲ್ ಇಳಿದು ಮನೆಗೆ ನಡೆದು ಬರುತ್ತಿದ್ದಾಗ ದಾರಿಯ ಪುಟ್ಟ ಸಂತೆಯಲ್ಲಿ ಒಬ್ಬಾತ ದೊಡ್ಡ ಬಾಣಲೆಯಲ್ಲಿ ಬಾದಾಮಿಗೆ ಸಕ್ಕರೆ ಪಾಕ ಹಿಡಿಸುತ್ತಿದ್ದ. ಯಾರ ಜೊತೆಗೋ ಹರಟೆ ಹೊಡೆಯುತ್ತ ಕೈಯನ್ನು ಅದರ ಪಾಡಿಗೆ ಆಡಲು ಬಿಟ್ಟಿದ್ದ. ನನಗೆ ತಡೆಯಲಾಗದೆ, ಉರಿ ಇಳಿಸಿ, ಹತ್ತುತ್ತಿದೆ ಅಂದೆ. ಆತ ಬಾಣಲೆಯನ್ನು ನೋಡಿದ, ನನ್ನನ್ನು ನೋಡಿದ, ನಕ್ಕ. ಅವನ ನಗು ಮುಗಿಯುವಷ್ಟರಲ್ಲಿ ಹೊಗೆ ಬಂತು. ನೀವು ಅಡುಗೆಯವರಾ ಅಂತ ಕೇಳಿದ. ಅಲ್ಲ ಅಂದೆ. ಚಿಕ್ಕವಳಿದ್ದಾಗ ನಾನು ನಮ್ಮತ್ತೆಗೆ ಮೂಗಾಗಿದ್ದೆ ಅನ್ನುವ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೈ ನಿಧಾನ, ಒತ್ತಕ್ಷರ ಬಂದಾಗ ಇನ್ನೂ ನಿಧಾನ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಬೆಳೆದದ್ದು ಕೆಂಟ್‌ನಲ್ಲಿ, ಕಣಿವೆಯ ಗೋದಾಮುಗಳೆಲ್ಲ ಕೆಳಗೆ ಕಾಣುವ ಗುಡ್ಡದ ಮೇಲಿನ ಒಂದು ಹಳದಿ ಮನೆಯಲ್ಲಿ. ಅಪ್ಪ ಆ ಕಣಿವೆಯಲ್ಲೇ ವಿಮಾನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ತಯಾರಾದ ತುಂಡುಗಳನ್ನು ಅಳೆದು ಸರಿಯಿದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಮನೆಯಲ್ಲೂ ಅದೇ ಚಾಳಿ, ದೋಸೆಯ ದಪ್ಪವನ್ನೂ ಕಣ್ಣಲ್ಲೇ ಅಳೆಯುತ್ತಿದ್ದ. ಅಮ್ಮ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ. ಬೆಳಗಿನ ಟ್ರಾಫಿಕ್‌ನಲ್ಲಿ ಹೋಗಿ ಸಂಜೆಯ ಟ್ರಾಫಿಕ್‌ನಲ್ಲಿ ಬರುವಳು. ಇವರಿಬ್ಬರ ನಡುವೆ ಮನೆಯನ್ನು ಮನೆಯಾಗಿ ಇಟ್ಟವಳು ನಿಂಗತ್ತೆ, ಅಪ್ಪನ ಅಕ್ಕ. ತಾಯಿಯಿಲ್ಲದ ಅಪ್ಪನನ್ನು ಸಾಕಿ ಓದಿಸಿದವಳು. ಮಂಡ್ಯದ ಕಡೆ ಅವಳನ್ನು ಕೊಟ್ಟ ಮನೆಯಲ್ಲಿ ಆಲೆಮನೆ ಇತ್ತಂತೆ, ಕಬ್ಬು ಅರೆದು ಬೆಲ್ಲ ಕಾಯಿಸುತ್ತಿದ್ದರಂತೆ. ಮಕ್ಕಳಾಗಲಿಲ್ಲ, ಗಂಡ ಬೇಗ ತೀರಿಕೊಂಡ. ಅಪ್ಪ ಕಾಗದಪತ್ರಕ್ಕಾಗಿ ವರ್ಷಗಟ್ಟಲೆ ಕಾದು ಅವಳನ್ನು ಇಲ್ಲಿಗೆ ಕರೆಸಿಕೊಂಡಾಗ ನನಗೆ ಆರು ವರ್ಷ. ಅವಳಿಗೆ ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು, ಟಿ.ವಿ. ಹಿಡಿಸದು. ಈ ದೇಶದಲ್ಲಿ ಅವಳದು ಅಂತ ಇದ್ದದ್ದು ಒಂದು ಒಲೆ. ಆ ಒಲೆಯ ಮುಂದೆ ನಿಂತು ಅವಳು ಹುರಿದು ಕುಟ್ಟುತ್ತಿದ್ದ ಹುಳಿಪುಡಿ, ಚಟ್ನಿಪುಡಿಗಳಿಗಾಗಿ ಕನ್ನಡದ ಮನೆಗಳವರೆಲ್ಲ ಬರುತ್ತಿದ್ದರು. ಮರ್ಸರ್ ಐಲ್ಯಾಂಡ್‌ನ ದೊಡ್ಡ ದೊಡ್ಡ ಮನೆಯ ಹೆಂಗಸರು ನಮ್ಮ ಚಿಕ್ಕ ಅಡುಗೆಮನೆಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತು, ನಿಂಗಮ್ಮನವರೇ ಈ ಸಲ ನಮಗೆ ಸ್ವಲ್ಪ ಜಾಸ್ತಿ ಅನ್ನುವಾಗ ಅತ್ತೆಯ ಮುಖ ನೋಡಬೇಕಿತ್ತು. ನಾನು ಕನ್ನಡ ಅಕ್ಷರ ಕಲಿತದ್ದೂ ಅವಳು ಡಬ್ಬಿಗಳಿಗೆ ಅಂಟಿಸುತ್ತಿದ್ದ ಚೀಟಿಗಳಿಂದಲೇ. ಮೆಂತ್ಯದಲ್ಲಿ ಒತ್ತಕ್ಷರ, ಧನಿಯದಲ್ಲಿ ಮಹಾಪ್ರಾಣ.

ಅವಳು ಬಂದ ಮೂರನೇ ಚಳಿಗಾಲದಲ್ಲಿ ಅವಳಿಗೆ ಕೆಟ್ಟ ನೆಗಡಿಯಾಯಿತು. ಜ್ವರ ಹೋಯಿತು, ಕೆಮ್ಮು ಹೋಯಿತು, ಅವುಗಳ ಜೊತೆಗೆ ವಾಸನೆಯೂ ಹೋಯಿತು. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅವಳು ಹೇಳಿರಲಿಲ್ಲ. ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ ಸ್ಕೂಲಿಂದ ಬಂದಾಗ. ಹಾಲು ತಳ ಹಿಡಿದು ಇಡೀ ಮನೆ ನಾರುತ್ತಿತ್ತು, ಅತ್ತೆ ಒಲೆಯ ಪಕ್ಕದಲ್ಲೇ ನಿಂತು ನೆಮ್ಮದಿಯಾಗಿ ಬೀನ್ಸ್ ಸೋಸುತ್ತಿದ್ದಳು. ಸಮ್‌ಥಿಂಗ್ ಈಸ್ ಬರ್ನಿಂಗ್ ಅಂದೆ. ಆಗ ನಾನು ಹಾಗೇ, ಎಲ್ಲವೂ ಅರ್ಥವಾದರೂ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅವಳು ನನ್ನ ಮುಖ ನೋಡಿ, ಒಲೆ ನೋಡಿ, ಗಡಬಡಿಸಿ ಆರಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡಳು.

"ಯಾರ್ಗೂ ಏಳ್ಬ್ಯಾಡ ಕಣವ್ವ. ಗೊತ್ತಾದ್ರೆ ಒಲೆ ಮುಟ್ಟಾಕೆ ಬಿಡಾಕಿಲ್ಲ ನಿಮ್ಮಪ್ಪ. ಆಮೇಕೆ ನಾನಿಲ್ಲಿ ಏನ್ ಮಾಡ್ಲಿ?"

ಎಂಟು ವರ್ಷದವಳಿಗೂ ಅದು ಅರ್ಥವಾಗುವ ಮಾತು. ಅಪ್ಪ ಅಳತೆಯ ಮನುಷ್ಯ, ಗ್ಯಾಸ್ ಸೋರಿದರೂ ಗೊತ್ತಾಗದವರ ಕೈಗೆ ಒಲೆ ಕೊಡುವುದುಂಟೆ? ಅಮ್ಮ ಕೆಟ್ಟವಳಲ್ಲ, ಆದರೆ ಅಡುಗೆಮನೆ ಇಬ್ಬರದಾದಾಗ ಇರುವ ಸಣ್ಣಪುಟ್ಟ ಬಿಗಿತ ಅವರಲ್ಲೂ ಇತ್ತು. ಒಲೆ ಹೋದರೆ ಅತ್ತೆ ಆ ಮನೆಯಲ್ಲಿ ಸೋಫಾದ ಮೇಲೆ ಕೂರಿಸಿ ಊಟ ಕೊಡುವ ನೆಂಟಳಾಗಿಬಿಡುತ್ತಿದ್ದಳು. ಹೀಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಅವಳು ಪುಡಿ ಹುರಿಯುವುದನ್ನೆಲ್ಲ ನಾನು ಸ್ಕೂಲಿಂದ ಬಂದ ಮೇಲಕ್ಕೆ ಇಟ್ಟುಕೊಂಡಳು. ನಾನು ಸ್ಟೂಲಿನ ಮೇಲೆ ನಿಂತು ಬಾಣಲೆಯ ವಾಸನೆ ಹೇಳಬೇಕು. ಮೊದಲ ದಿನ ನಾನು ಸ್ಮೆಲ್ಸ್ ಗುಡ್ ಅಂದಾಗ ಅವಳಿಗೆ ಸಿಟ್ಟೇ ಬಂತು. ಗುಡ್ ಅಂದ್ರೆ ನಂಗೇನ್ ಗೊತ್ತಾಯ್ತದೆ, ಎಂಗದೆ ಅಂತ ಏಳು ಅಂದಳು. ಹೇಗಿದೆ ಅಂತ ಹೇಳಲು ನನ್ನ ಇಂಗ್ಲಿಷಿನಲ್ಲಿ ಗುಡ್, ಬ್ಯಾಡ್, ಯಕ್ ಬಿಟ್ಟರೆ ಮಾತೇ ಇರಲಿಲ್ಲ. ಅವಳ ಹತ್ತಿರ ಇದ್ದವು. ಬೇಳೆ ಹುರಿಯುವ ಮೊದಲಿನದು ಹಸಿ ವಾಸನೆ. ಧನಿಯ ಬಿಸಿಗೆ ಬಿಟ್ಟುಕೊಟ್ಟಾಗ ಘಮ. ಮೆಣಸಿನಕಾಯಿ ಗಂಟಲು ಹಿಡಿದರೆ ಘಾಟು. ಹಳೇ ಎಣ್ಣೆ ಕಮಟು, ತೇವ ತಾಕಿದ ಹಿಟ್ಟು ಮುಗ್ಗಲು. ಅವರೆಕಾಯಿಗೆ ಮಾತ್ರ ಸೊಗಡು, ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಅವರೆಕಾಳಿನ ಸೊಗಡನ್ನು ಐಸು ತಿಂದುಹಾಕಿರುತ್ತದೆ ಅಂತ ಅವಳ ದೂರು. ಒಗ್ಗರಣೆ ಹದಕ್ಕೆ ಬಂದರೆ ಕಮ್ಮಗೆ, ಹದ ಮೀರಿದರೆ ಕಮರು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುತ್ತಾರಲ್ಲ, ನನ್ನ ಕನ್ನಡದ ಬಾಯಿ ತೆರೆದದ್ದು ಹಾಗೆ. ಒಂದೆರಡು ತಿಂಗಳಲ್ಲಿ ನಾನು ಊಟದ ಮೇಜಿನಲ್ಲೂ ಕನ್ನಡದಲ್ಲೇ ವಟಗುಟ್ಟತೊಡಗಿದೆ. ಅಪ್ಪ ಉಬ್ಬಿಹೋದ, ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದ. ಅಮ್ಮ, ಇವಳು ಎಲ್ಲದರಲ್ಲೂ ಮೂಗು ತೂರಿಸ್ತಾಳೆ ಅಂತ ಬೈಯುವಾಗ ಅತ್ತೆ ನನ್ನ ಕಡೆ ನೋಡದೆ ಸೆರಗಿನಲ್ಲಿ ನಗು ಅಡಗಿಸಿಕೊಳ್ಳುತ್ತಿದ್ದಳು.

ಇನ್ನು ಮರದ ವಿಷಯ. ನಮ್ಮ ಹಿತ್ತಲಿನ ಬೇಲಿಯುದ್ದಕ್ಕೆ ಮೂರು ಬರ್ಚ್ ಮರಗಳಿದ್ದವು. ಬಿಳೀ ಕಾಂಡ, ಅಲ್ಲಲ್ಲಿ ಕಪ್ಪು ಗೀರು. ಬಂದ ದಿನವೇ ಅತ್ತೆ, ಇದ್ಯಾರಪ್ಪ ಮರಕ್ಕೆ ತುದೀವರೆಗೂ ಸುಣ್ಣ ಹೊಡೆದವರು ಅಂತ ಕೇಳಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವು ಸುಣ್ಣದ ಮರಗಳು. ಇದು ನಮ್ಮ ಭೂರ್ಜಪತ್ರೆಯ ಜಾತಿ ಅಕ್ಕ, ಹಿಂದಿನವರು ಇದರ ತೊಗಟೆಯ ಮೇಲೇ ಬರೀತಿದ್ರು ಅಂತ ಅಪ್ಪ ಎಲ್ಲೋ ಓದಿದ್ದನ್ನು ಹೇಳಿದ. ಅತ್ತೆ ಅದಕ್ಕೆ ಕಿವಿಗೊಡಲಿಲ್ಲ, ಬರೆಯುವ ಮರ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು? ಬೇಲಿಯ ಆಚೆ ಉಕ್ರೇನಿನಿಂದ ಬಂದಿದ್ದ ಮುದುಕಿಯೊಬ್ಬಳಿದ್ದಳು, ಹೆಸರು ಹಾಲ್ಯಾ. ಅತ್ತೆಯ ಬಾಯಲ್ಲಿ ಆಕೆ ಹಾಲಮ್ಮ. ಇಬ್ಬರಿಗೂ ಇಂಗ್ಲಿಷ್ ಬಾರದಾದ್ದರಿಂದ ಅವರಿಬ್ಬರ ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ, ಬೇಲಿಯ ಮೇಲೆ ಮೂಲಂಗಿ, ಸಬ್ಬಸಿಗೆ ಕೈ ಬದಲಾಗುತ್ತಿದ್ದವು. ಆ ಫೆಬ್ರವರಿಯ ಕೊನೆಗೆ ಹಾಲಮ್ಮ ತನ್ನ ಅಂಗಳದ ಮರಕ್ಕೆ ಬೈರಿಗೆಯಲ್ಲಿ ತೂತು ಕೊರೆದು, ನಳಿಗೆ ಸಿಕ್ಕಿಸಿ, ಕೆಳಗೆ ಜಾಡಿ ಕಟ್ಟಿದಳು. ಸಂಜೆ ಜಾಡಿ ತುಂಬ ನೀರಿನಂಥ ರಸ. ಅವರ ಊರಲ್ಲಿ ಚಳಿ ಬಿಡುವ ಹೊತ್ತಿಗೆ ಇದನ್ನು ಹಾಗೇ ಕುಡಿಯುತ್ತಾರಂತೆ. ಅತ್ತೆಗೂ ಒಂದು ಲೋಟ ಕೊಟ್ಟಳು. ವಾಸನೆ ಹೋದರೂ ನಾಲಗೆಗೆ ಸಿಹಿ, ಉಪ್ಪು ತಿಳಿಯುತ್ತದೆ. ಅತ್ತೆ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿದಳು. ನೆಗಡಿಯಾದಾಗಿನಿಂದ ಅವಳು ಏನನ್ನೂ ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ.

"ಸೀ ಅದೆ ಕಣವ್ವ. ಸೀ ಇದ್ದದ್ದು ಕಾಯಿಸುದ್ರೆ ಬೆಲ್ಲ ಆಗ್ಲೇಬೇಕು."

ಆಲೆಮನೆಯಲ್ಲಿ ಕಬ್ಬಿನ ರಸಕ್ಕೆ ಕಬ್ಬಿನ ಹಾಲು ಅನ್ನುತ್ತಾರೆ. ಹಾಗಾಗಿ ಇದು ಮರದ ಹಾಲಾಯಿತು. ಹಾಲು ಅಂದಮೇಲೆ ಕರೆಯುವುದಕ್ಕೂ ರೀತಿಯುಂಟು. ನಮ್ಮ ಮೂರು ಮರಗಳಿಗೂ ಹಾಲಮ್ಮನೇ ನಳಿಗೆ ಹಾಕಿಕೊಟ್ಟಳು, ಆದರೆ ದಿನಕ್ಕೆ ಒಂದು ಹೊತ್ತು ಮಾತ್ರ ಜಾಡಿ ಕಟ್ಟಬೇಕು, ಉಳಿದದ್ದು ಕರುವಿಗೆ ಅಂತ ಅತ್ತೆ ಕಟ್ಟುನಿಟ್ಟು ಮಾಡಿದಳು. ಮರಕ್ಕೆಲ್ಲಿಯ ಕರು ಅಂದರೆ ಮೊಗ್ಗು ತೋರಿಸಿದಳು. ಮೊದಲ ದಿನ ಒಳಗಡೆ ಕಾಯಿಸಿ ಅಡುಗೆಮನೆಯ ಗೋಡೆಯಲ್ಲೆಲ್ಲ ನೀರಿಳಿದಾಗ ಅಮ್ಮ ತುಟಿ ಬಿಗಿಹಿಡಿದಳು. ಮಾರನೆಯ ದಿನ ಅಪ್ಪ ಕಾರ್ ನಿಲ್ಲಿಸುವ ಚಪ್ಪರದಡಿ ಗ್ಯಾಸ್ ಬರ್ನರ್ ಇಟ್ಟುಕೊಟ್ಟ. ಮೂರು ವಾರ ನಮ್ಮ ಹಿತ್ತಲು ಆಲೆಮನೆ. ಸ್ಕೂಲಿಂದ ಬಂದವಳು ಜಾಕೆಟ್ ಕಳಚದೆ ಅಗಲ ಬಾಯಿಯ ಪಾತ್ರೆಯ ಮುಂದೆ ನಿಲ್ಲುತ್ತಿದ್ದೆ. ಮೊದಲು ಒದ್ದೆ ಸೌದೆಯ ವಾಸನೆ, ಆಮೇಲೆ ಹಸಿ ಎಲೆಯದು, ಆಮೇಲೆ ಬೇಯಿಸಿದ ಗೆಣಸಿನದು. ನಾನು ಹೇಳುತ್ತ ಹೋದಂತೆ ಅವಳು ತಲೆಯಾಡಿಸುತ್ತ ನೊರೆ ತೆಗೆಯುತ್ತಿದ್ದಳು. ಆಲೆಮನೆಯಲ್ಲಿ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಹಾಕುತ್ತಾರಂತೆ. ಇವಳು ಫ್ರೀಜರಿನ ಬೆಂಡೆಕಾಯಿ ಹಿಂಡಿ ಹಾಕಿದಳು. ಎಲೆಅಡಿಕೆಯ ಸುಣ್ಣವನ್ನು ಕದಡಿ ತಿಳಿ ಬಿಟ್ಟಳು. ಬೇಲಿಯಾಚೆಯಿಂದ ಹಾಲಮ್ಮ ಹಣೆ ಚಚ್ಚಿಕೊಂಡಳು. ದಿನದ ಕೊನೆಗೆ ಬಕೆಟ್ಟುಗಟ್ಟಲೆ ಹಾಲು ಒಂದು ಬಟ್ಟಲಿಗೆ ಇಳಿಯುತ್ತಿತ್ತು, ಅದನ್ನು ಐಸ್‌ಕ್ರೀಮ್ ಡಬ್ಬದಲ್ಲಿ ಫ್ರಿಜ್ಜಿಗೆ ಇಡುವುದು. ಯುಗಾದಿ ಹತ್ತಿರ ಬರುತ್ತಿತ್ತು. ಹಬ್ಬದ ದಿನ ಬೇವಿನ ಜೊತೆಗೆ ಈ ದೇಶದ ಮರದ ಬೆಲ್ಲವನ್ನೇ ಕೊಡುತ್ತೇನೆ ಅಂತ ಅತ್ತೆ ಪುಡಿಗೆ ಬರುವ ಹೆಂಗಸರಿಗೆಲ್ಲ ಹೇಳಿಬಿಟ್ಟಳು. ಬೆಲ್ಲ ಕೆಟ್ಟುಹೋದರೆ ಅದರ ಜೊತೆಗೆ ಏನೇನು ಹೋಗುತ್ತದೆ ಅನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅತ್ತೆ ಡಬ್ಬಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಒಳಗಿನ ಒಲೆಯ ಮೇಲೆ ಕೊನೆಯ ಪಾಕಕ್ಕೆ ಇಟ್ಟಳು. ಮೊಗ್ಗು ಒಡೆದು ಮರದ ಹಾಲು ಬತ್ತಿಹೋಗಿತ್ತು, ಇನ್ನೊಂದು ಸಲ ಅನ್ನುವ ಮಾತಿರಲಿಲ್ಲ. ಕಬ್ಬಿನ ಪಾಕವಾದರೆ ಬಣ್ಣ ನೋಡಿ, ಗುಳ್ಳೆ ನೋಡಿ, ತಣ್ಣೀರಿಗೆ ಒಂದು ಹನಿ ಬಿಟ್ಟು ಉಂಡೆ ಕಟ್ಟುತ್ತದೆಯೇ ನೋಡಿ ಹದ ತಿಳಿಯಬಹುದು. ಇದು ಮೊದಲಿಂದಲೇ ಕಪ್ಪಗಿತ್ತು, ಬಣ್ಣ ಏನೂ ಹೇಳಲಿಲ್ಲ. ಹನಿ ಬಿಟ್ಟರೆ ಉಂಡೆ ಕಟ್ಟಲಿಲ್ಲ, ನೀರಿನಲ್ಲಿ ಎಳೆಎಳೆಯಾಗಿ ಕರಗಿಹೋಯಿತು. ಈ ಮರದ ಸಿಹಿಯ ಜಾತಿಯೇ ಬೇರೆ, ಅದು ಎಷ್ಟು ಕಾಯಿಸಿದರೂ ಅಚ್ಚಿಗೆ ನಿಲ್ಲುವುದಿಲ್ಲ, ಕಬ್ಬಿಗಿಂತ ಬೇಗ ಹೊತ್ತುತ್ತದೆ ಅನ್ನುವುದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಅತ್ತೆಗೆ ಗೊತ್ತಿದ್ದದ್ದು ಒಂದೇ, ಬೆಲ್ಲ ಅಂದಮೇಲೆ ಕಟ್ಟಲೇಬೇಕು. ಇನ್ನೊಂಚೂರು, ಇನ್ನೊಂಚೂರು ಅಂತ ತಿರುವುತ್ತಲೇ ಇದ್ದಳು. ಉಳಿದದ್ದು ನನ್ನ ಮೂಗೊಂದೇ. ಏನ್ ವಾಸ್ನೆ ಅಂತ ಕೇಳಿದಳು. ಘಮ ತಿರುಗಿತ್ತು. ನನಗೆ ಅದು ಚೆನ್ನಾಗಿಯೇ ಗೊತ್ತಾಯಿತು, ಮೂಗಿನ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಗಾಬರಿಯಲ್ಲಿ ಮಾತು ತಡವರಿಸಿತು. ಕಮ್ಮಗೆ, ಕಮರು ಎರಡೂ ನನ್ನ ತಲೆಯಲ್ಲಿ ಅಕ್ಕಪಕ್ಕದ ಡಬ್ಬಿಗಳು. ನಾನು ತಪ್ಪು ಡಬ್ಬಿಗೆ ಕೈ ಹಾಕಿದೆ.

"ಕಮ್ಮಗದೆ ಅತ್ತೆ," ಅಂದೆ.

ಅವಳ ಮುಖ ಅರಳಿತು. ಹಂಗಾರೆ ಇನ್ನೇನು ಬಂತು ಅಂತ ಉರಿ ಒಂದು ಗೆರೆ ಏರಿಸಿದಳು. ಅವಳ ಸಂತೋಷ ನೋಡಿ ನಾನು ಹೇಳಿದ್ದೇ ಸರಿಯಿರಬೇಕು ಅಂದುಕೊಂಡೆ. ಹೊಗೆ ಕಾಣಿಸಿಕೊಳ್ಳುವ ಹೊತ್ತಿಗೆ ತಳ ಹಿಡಿದಾಗಿತ್ತು, ಸೂರಿನ ಅಲಾರಂ ಕಿರುಚಿಕೊಂಡಿತು, ಅದೇ ಹೊತ್ತಿಗೆ ಹಬ್ಬವೆಂದು ಬೇಗ ಬಂದ ಅಮ್ಮ ಬಾಗಿಲು ತೆರೆದಳು. ಹೊಗೆಯ ನಡುವೆ ಅತ್ತೆ ಇನ್ನೂ ಸೌಟು ಹಿಡಿದೇ ನಿಂತಿದ್ದಳು. ಅಮ್ಮ ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಅತ್ತೆಯ ಎದುರು ಬಂದು ನಿಂತು ಮೆಲ್ಲಗೆ, ಅಕ್ಕ, ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಲ್ವಾ ಅಂತ ಕೇಳಿದಳು. ಅತ್ತೆ ತಲೆ ಬಗ್ಗಿಸಿದಳು. ಮನೆಯ ಪರದೆಗಳಲ್ಲಿ ಆ ಕಮರು ಎಷ್ಟೋ ದಿನ ಉಳಿದಿತ್ತು.

ಅಪ್ಪ ಬಂದು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಎಷ್ಟು ದಿನದಿಂದ ಹೀಗೆ, ಪುಡಿಗಳನ್ನೆಲ್ಲ ಹೇಗೆ ಮಾಡ್ತಿದ್ದೆ ಅಂತ ಕೇಳಿದಾಗ ಅತ್ತೆ ನನ್ನ ವಿಷಯ ಹೇಳಲೇಬೇಕಾಯಿತು. ಅಪ್ಪ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ಒಂದು ತುಂಡನ್ನು ಅಳತೆಗೆ ಇಡುವಾಗಿನ ನೋಟವಿತ್ತು. ನೀನು ತಪ್ಪು ಹೇಳಿದೆಯಾ ಅಂತ ಕೇಳಿದ. ನನಗೆ ಆಗ ಗೊತ್ತಾಗಿಹೋಗಿತ್ತು, ಹೌದು ಅಂದರೆ ಎಲ್ಲ ಮುಗಿಯಿತು. ತಪ್ಪು ಹೇಳುವ ಮಗುವಿನ ಮೂಗನ್ನು ನಂಬಿ ಒಲೆ ಹಚ್ಚುವುದನ್ನು ಯಾವ ಅಪ್ಪ ಒಪ್ಪುತ್ತಾನೆ? ನನ್ನ ಬಾಯಿಂದ ಒಂದು ಮಾತು ಹೊರಡುವುದಕ್ಕೆ ಮುಂಚೆ ಅತ್ತೆ ಅಂದಳು:

"ಕೂಸು ಸರ್ಯಾಗೇ ಏಳ್ತು. ಕಮರ್ತಾ ಅದೆ ಅಂತ ಎಲ್ಡು ಸಲ ಅಂತು. ನನ್ ಕಿವಿಗೇ ಬೀಳ್ನಿಲ್ಲ ಕಣಪ್ಪ. ಈಚೀಚ್ಗೆ ಕಿವೀನೂ ಮಂದ ಆಗದೆ."

ಅವಳ ಕಿವಿ ಎಂಥದ್ದು ಅಂತ ನನಗೆ ಗೊತ್ತಿತ್ತು. ಮಹಡಿಯ ಮೇಲೆ ನಾನು ಕದ್ದು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಅವಳಿಗೆ ಕೆಳಗೆ ಕೇಳಿಸುತ್ತಿತ್ತು. ನಾನು ಬಾಯಿ ತೆರೆದೆ. ಅವಳು ಸೀರೆಯ ಮರೆಯಲ್ಲಿ ನನ್ನ ಕೈಯನ್ನು ಒಂದು ಸಲ ಗಟ್ಟಿಯಾಗಿ ಅದುಮಿದಳು. ನಾನು ಬಾಯಿ ಮುಚ್ಚಿದೆ. ಅಪ್ಪ, ಮೂಗಿಗಾದರೆ ಮೆಷಿನ್ ಇಲ್ಲ, ಕಿವಿಗಿದೆ ಅಂದ. ಅಷ್ಟೇ. ನಾನು ಹೇಳುವುದು ಅವಳಿಗೆ ಕೇಳಿಸಿದರೆ ಸಾಕು ಅನ್ನುವುದು ಅವನ ಲೆಕ್ಕ. ಆ ಒಂದು ಮಾತಿನಲ್ಲಿ ಒಲೆ ಉಳಿಯಿತು, ನನ್ನ ಮೂಗಿನ ಮರ್ಯಾದೆ ಉಳಿಯಿತು. ಆ ಸುಳ್ಳನ್ನು ಅವಳು ನನಗಾಗಿ ಹೇಳಿದಳೋ ಒಲೆಗಾಗಿ ಹೇಳಿದಳೋ ಅಂತ ನೀವು ಕೇಳಬಹುದು. ಎರಡಕ್ಕೂ ಇರಬೇಕು. ಆದರೆ ಕೈ ಅದುಮಿದ್ದು ನನಗಾಗಿ.

ಕಿವಿಯ ಪರೀಕ್ಷೆಗೆ ನಾನೂ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಅವಳನ್ನು ಕೂರಿಸಿ, ಶಬ್ದ ಕೇಳಿದಾಗೆಲ್ಲ ಗುಂಡಿ ಒತ್ತಬೇಕು ಅಂತ ಅಪ್ಪನಿಂದ ಹೇಳಿಸಿದರು. ಅತ್ತೆ ದೇವಸ್ಥಾನದಲ್ಲಿ ಕೂತವಳ ಹಾಗೆ ಕಣ್ಣು ಮುಚ್ಚಿ, ಗುಂಡಿಯನ್ನು ಮೂರು ಸಲಕ್ಕೆ ಒಂದು ಸಲದಂತೆ ಒತ್ತಿದಳು. ಎರಡು ಕಿವಿಗೂ ಮೆಷಿನ್ ಬಂತು. ಅದರ ಬ್ಯಾಟರಿ ಬದಲಾಯಿಸುವ ಕೆಲಸ ನನ್ನದು. ಬ್ಯಾಟ್ರಿ ತೆಗೆದುಬಿಡು ಮಗ, ಹಾಕಿದರೆ ತಲೆ ಗುಂಯ್ ಅಂತದೆ ಅಂದಳು. ತೆಗೆದುಬಿಟ್ಟೆ. ಖಾಲಿ ಮೆಷಿನ್ನನ್ನು ಅವಳು ಓಲೆ ಹಾಕಿಕೊಂಡಷ್ಟೇ ಶ್ರದ್ಧೆಯಿಂದ ದಿನಾ ಬೆಳಗ್ಗೆ ಸ್ನಾನವಾದ ಮೇಲೆ ಹಾಕಿಕೊಳ್ಳುತ್ತಿದ್ದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ. ಮೆಷಿನ್ ಇದ್ದರೂ ಅವಳಿಗೆ ಸರಿಯಾಗಿ ಕೇಳುವುದಿಲ್ಲ ಅಂತ ನಂಬಿದ ಅಪ್ಪ, ಅಮ್ಮ, ಬಂದವರು ಹೋದವರು ಎಲ್ಲರೂ ಅವಳ ಹತ್ತಿರ ಕೂಗಿಯೇ ಮಾತಾಡತೊಡಗಿದರು. ಅವಳು ಬೆಚ್ಚಿಬೀಳದೆ, ಹುಬ್ಬು ಗಂಟಿಕ್ಕದೆ ಕೇಳಿಸಿಕೊಳ್ಳುತ್ತಿದ್ದಳು. ಆಗಾಗ ನೆನಪು ಮಾಡಿಕೊಂಡು, ಆಂ, ಏನಂದೆ ಅಂತಲೂ ಕೇಳುತ್ತಿದ್ದಳು. ಹಾಗೆ ಕೇಳಿದಾಗೆಲ್ಲ ನನ್ನ ತಲೆ ತಗ್ಗುತ್ತಿತ್ತು.

ಆ ಯುಗಾದಿಯ ದಿನ ಬಂದವರಿಗೆಲ್ಲ ಅವಳು ಏನು ಕೊಟ್ಟಳು ಅಂತೀರಿ? ಸೀದ ತಳ ಬಿಟ್ಟು ಮೇಲಿನದನ್ನು ಬಸಿದಿದ್ದಳು. ಅಚ್ಚಿನ ಬೆಲ್ಲವಲ್ಲ, ಕಪ್ಪಗೆ, ಮಂದವಾಗಿ, ಚಮಚದಿಂದ ನಿಧಾನಕ್ಕೆ ಇಳಿಯುವ ಪಾಕ. ಸಿಹಿಯ ಹಿಂದೆಯೇ ಕಹಿ. ಮರ್ಸರ್ ಐಲ್ಯಾಂಡ್‌ನ ಹೆಂಗಸರು ಮುಖ ಮುಖ ನೋಡಿಕೊಂಡಾಗ ಅತ್ತೆ, ಈ ದೇಶದ ಮರ ಕಣ್ರವ್ವ, ಟೈಮ್ ಉಳಿಸ್ತದೆ, ಬೇವು ಬೆಲ್ಲ ಎರಡನ್ನೂ ಒಂದರಲ್ಲೇ ಕೊಡ್ತದೆ ಅಂದಳು. ನಕ್ಕು ನಕ್ಕು ಎಲ್ಲರೂ ಎರಡನೇ ಚಮಚ ಹಾಕಿಸಿಕೊಂಡರು. ಹಾಲಮ್ಮ ಮಾತ್ರ ಅದನ್ನು ರೊಟ್ಟಿಗೆ ಸವರಿಕೊಂಡು ನಿಜವಾಗಿಯೂ ಇಷ್ಟಪಟ್ಟು ತಿಂದಳು. ಆಮೇಲಿನ ವರ್ಷಗಳಲ್ಲಿ ಅತ್ತೆ ಬೆಲ್ಲದ ಹಟ ಬಿಟ್ಟು ಪಾಕವನ್ನೇ ಮಾಡಿದಳು, ಅದಕ್ಕೂ ಬೇರೆ ಹದ ಕಂಡುಕೊಂಡಳು. ಗುಟ್ಟು ಬಯಲಾದದ್ದರಿಂದ ಒಂದು ಒಳ್ಳೆಯದಾಯಿತು, ಒಲೆಯ ಮುಂದೆ ನಾನೊಬ್ಬಳೇ ನಿಲ್ಲಬೇಕಾಗಿರಲಿಲ್ಲ. ಭಾನುವಾರ ಹುಳಿಪುಡಿ ಹುರಿಯುವಾಗ ಅಮ್ಮ ಬಲಕ್ಕೆ, ಅಪ್ಪ ಎಡಕ್ಕೆ, ನಾನು ಸ್ಟೂಲಿನ ಮೇಲೆ. ಘಮ ಬಂತು ಅಂತ ಅಪ್ಪ, ಇನ್ನೂ ಹಸಿ ಇದೆ ಅಂತ ಅಮ್ಮ, ನಡುವೆ ಅತ್ತೆ ನನ್ನ ಮುಖ ನೋಡಿ ತೀರ್ಪಿಗೆ ಕಾಯುವಳು. ಅಷ್ಟಾದ ಮೇಲೂ ಅವಳು ಕೊನೆಗೆ ನಂಬುತ್ತಿದ್ದುದು ನನ್ನ ಮಾತನ್ನೇ. ತಪ್ಪು ಹೇಳಿದವಳನ್ನು ಮತ್ತೆ ನಂಬುವುದು ಎಷ್ಟು ದೊಡ್ಡ ವಿಷಯ ಅಂತ ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿಯುತ್ತದೆ. ನನ್ನ ಪುಣ್ಯ ಅದು, ಬೇರೆ ಮಾತು ಸಿಗುವುದಿಲ್ಲ.

ಆ ಮನೆ ಈಗ ನಮ್ಮದಲ್ಲ. ಅಪ್ಪ ನಿವೃತ್ತನಾದ ಮೇಲೆ ಮೆಟ್ಟಿಲಿಲ್ಲದ ಚಿಕ್ಕ ಮನೆಗೆ ಹೋದರು. ಸುಣ್ಣದ ಮರಗಳಿಗೆ ಕೊರಕ ಹುಳು ಬಿತ್ತು. ಈ ಕಡೆಯ ಬರ್ಚುಗಳಿಗೆಲ್ಲ ಅದೇ ಕಾಯಿಲೆ, ತುದಿಯಿಂದ ಒಣಗುತ್ತ ಬರುತ್ತದೆ. ಮೂರನ್ನೂ ಕಡಿಸಿದ್ದಾರೆ. ಹಾಲಮ್ಮನನ್ನು ಮಗಳು ದೂರದ ಊರಿಗೆ ಕರೆದುಕೊಂಡು ಹೋದಳು, ಹೊರಡುವ ದಿನ ಇಬ್ಬರು ಮುದು ಹೆಂಗಸರೂ ಬೇಲಿ ಹಿಡಿದು ತಂತಮ್ಮ ಭಾಷೆಯಲ್ಲಿ ಅತ್ತರು. ಅಂಥದೊಂದು ಮನೆ ನಿಮಗೂ ಇದ್ದಿರಬಹುದು, ವಿಳಾಸ ಹಾಗೇ ಇದ್ದು ಒಳಗಿನವರೆಲ್ಲ ಬದಲಾದ ಮನೆ. ಒಂದು ಸಲ ಕೆಂಟ್‌ಗೆ ಹೋದಾಗ ಕಾರನ್ನು ಎದುರುಗಡೆ ನಿಲ್ಲಿಸಿ ನೋಡಿದೆ. ಹಳದಿ ಹೋಗಿ ಬೂದು ಬಣ್ಣ ಬಂದಿದೆ.

ಎರಡು ವರ್ಷದ ಹಿಂದೆ ಅತ್ತೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು, ಮತ್ತೆ ಮನೆಗೆ ಬರಲಿಲ್ಲ. ಅವಳ ಕಾಗದದಲ್ಲಿ ಕಿವಿ ಕೇಳುವುದಿಲ್ಲ ಅಂತ ಬರೆದಿತ್ತು. ಹಾಗಾಗಿ ಬರುವ ನರ್ಸುಗಳೆಲ್ಲ ಅವಳ ಮುಖಕ್ಕೆ ಬಗ್ಗಿ ಗಂಟಲು ಹರಿಯುವಂತೆ ಗುಡ್ ಮಾರ್ನಿಂಗ್ ಅನ್ನುತ್ತಿದ್ದರು. ಅಪ್ಪ ಬಂದರೆ ಇಡೀ ವಾರ್ಡಿಗೆ ಕೇಳುವಂತೆ, ಅಕ್ಕಾ, ಹೆಂಗಿದೀಯ ಅನ್ನುವನು. ಅವಳು ದಣಿದ ಕಣ್ಣು ತೆರೆದು, ಚೆನ್ನಾಗಿವ್ನಿ ಅಂತ ಕೈಯಲ್ಲೇ ಹೇಳುವಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗೆ ಹೋಗಿದ್ದಾಗ ನಾನು ಹಾಸಿಗೆಯ ಪಕ್ಕ ಕೂತು, ಕಿವಿಯಿಂದ ಆ ಖಾಲಿ ಮೆಷಿನ್ ತೆಗೆದಿಟ್ಟು, ಪಿಸುಮಾತಿನಲ್ಲಿ, ಅತ್ತೆ, ಅವತ್ತು ನಾನೇ ತಪ್ಪು ಹೇಳ್ದೆ, ನನಗೋಸ್ಕರ ನೀನು ಇಷ್ಟು ವರ್ಷ ಕಿವುಡಿ ಆದೆ ಅಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವಳು ಕಣ್ಣು ಮುಚ್ಚಿಯೇ ಇದ್ದಳು. ನಿದ್ದೆ ಹತ್ತಿದೆಯೇನೋ ಅಂದುಕೊಂಡೆ. ಆಗ ಅವಳ ತುಟಿ ಅಲ್ಲಾಡಿತು.

"ಇನ್ನೊಂಚೂರು ಇಂಗೇ ಮೆಲ್ಲಗ್ ಮಾತಾಡವ್ವ. ಕೇಳಿ ಎಷ್ಟ್ ವರ್ಸ ಆಗಿತ್ತು."

ಅವರು ಊಟ ಮುಗಿಸಿ ಬರುವವರೆಗೂ ಮಾತಾಡಿದೆ. ಏನು ಮಾತಾಡಿದೆ ಅನ್ನುವುದು ನೆನಪಿಲ್ಲ, ದೊಡ್ಡದೇನೂ ಅಲ್ಲ. ಆಫೀಸು, ರೈಲು, ನಾನು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದದ್ದು. ಅವಳು ಒಂದೊಂದು ಮಾತಿಗೂ ನನ್ನ ಬೆರಳನ್ನು ಸಣ್ಣಗೆ ಒತ್ತುತ್ತಿದ್ದಳು.

ಅಪ್ಪ ಅಮ್ಮನಿಗೆ ನಾನು ಇದನ್ನು ಹೇಳಿಲ್ಲ, ಈ ಬರಹ ಓದಿದರೆ ತಿಳಿಯುತ್ತದೆ. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಉಪ್ಪಿನಕಾಯಿ ಬೇಕೇ ಅಂತ ಅಮ್ಮ ಒಳಗಿಂದ ಕೂಗುತ್ತಾಳೆ, ಬೇಡ ಅಂತ ಅಪ್ಪ ಹೊರಗಿಂದ ಕೂಗುತ್ತಾನೆ, ನಾನೂ ಕೂಗಿಯೇ ಉತ್ತರ ಕೊಡುತ್ತೇನೆ. ಹೊಸಬರು ಯಾರಾದರೂ ಬಂದರೆ ಇವರ ಮನೆಯಲ್ಲಿ ಏನೋ ಜಗಳ ಅಂದುಕೊಳ್ಳುತ್ತಾರೆ. ಜಗಳವಲ್ಲ. ಅವಳಿಗೆ ಕೇಳಲಿ ಅಂತ ಏರಿಸಿದ ದನಿಗಳು, ಅವಳು ಹೋದ ಮೇಲೂ ನಮ್ಮಲ್ಲಿ ಇನ್ನೂ ಇಳಿದಿಲ್ಲ.